ಸ್ಟಾರ್ ಇಲ್ಲದ ಜಾಗಕ್ಕೆ ದೆವ್ವ ಬಂತು: ರಾಮ್ಸೆ ಸಹೋದರರ ಹಾರರ್ ಕಾರ್ಖಾನೆ

ಹಿಂದಿ ಸಿನಿಮಾದಲ್ಲಿ ಹಳೇ ಬಂಗಲೆ, ಬಿಳಿ ಸೀರೆ, ನಡುರಾತ್ರಿಯ ಹಾಡು ಮೊದಲಿಂದಲೂ ಇದ್ದವು. ಆದರೆ ಹೆಚ್ಚಿನ ಚಿತ್ರಗಳಲ್ಲಿ ಕೊನೆಗೆ ದೆವ್ವ ಸುಳ್ಳು, ಎಲ್ಲ ಯಾರದೋ ಸಂಚು ಅಂತ ಗೊತ್ತಾಗುತ್ತಿತ್ತು. ನಿಜವಾದ ಪಿಶಾಚಿಯನ್ನೇ ತೆರೆ ಮೇಲೆ ನಿಲ್ಲಿಸಿ, ಅದರ ಹೆಸರಲ್ಲೇ ಟಿಕೆಟ್ ಮಾರಿದವರು ಮುಂಬೈನ ರಾಮ್ಸೆ ಸಹೋದರರು.

ಅವರ ತಂದೆ ಫತೇಚಂದ್ ರಾಮ್‌ಸಿಂಘಾನಿ ಕರಾಚಿಯಲ್ಲಿ ರೇಡಿಯೋ ಅಂಗಡಿ ನಡೆಸುತ್ತಿದ್ದರು. ಬ್ರಿಟಿಷ್ ಗಿರಾಕಿಗಳ ಬಾಯಲ್ಲಿ ಆ ಹೆಸರು 'ರಾಮ್ಸೆ' ಆಯಿತು. ವಿಭಜನೆಯ ನಂತರ ಮುಂಬೈಗೆ ಬಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮತ್ತೆ ಅಂಗಡಿ ಹಾಕಿದರು. ಸಿನಿಮಾ ಹುಚ್ಚು ಜಾಸ್ತಿ. 1970ರಲ್ಲಿ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ನಿರ್ಮಿಸಿದರು, ಅದು ಓಡಲಿಲ್ಲ. ಆದರೆ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿ ಕಳ್ಳತನಕ್ಕೆ ಬರುವ ದೃಶ್ಯಕ್ಕೆ ಮಾತ್ರ ಜನ ಬೆಚ್ಚಿಬೀಳುತ್ತಿದ್ದರು. ಮಕ್ಕಳಾದ ತುಳಸಿ ಮತ್ತು ಶ್ಯಾಮ್ ಥಿಯೇಟರಿನಲ್ಲಿ ಕೂತು ಇದನ್ನೇ ಗಮನಿಸಿದರು. ಅಷ್ಟು ಚಿಕ್ಕ ದೃಶ್ಯಕ್ಕೇ ಹೀಗಾದರೆ, ಇಡೀ ಚಿತ್ರವೇ ಹೆದರಿಸುವಂತಿದ್ದರೆ?

ಸಾಲ ಮಾಡಿ ದೊಡ್ಡ ನಟರನ್ನು ಕರೆತರುವ ಸ್ಥಿತಿ ಇರಲಿಲ್ಲ. ಏಳು ಜನ ಗಂಡುಮಕ್ಕಳಿದ್ದರಲ್ಲ, ಅವರನ್ನೇ ಸ್ಟುಡಿಯೋ ಮಾಡಿದರು. ಕುಮಾರ್ ಕಥೆ, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ, ಕೇಶು ನಿರ್ಮಾಣ, ತುಳಸಿ-ಶ್ಯಾಮ್ ನಿರ್ದೇಶನ. ಕಲಿತದ್ದು ಕಾಲೇಜಿನಲ್ಲಲ್ಲ, ಪುಸ್ತಕ ಓದಿ, ಕೈಯಾರೆ ಮಾಡಿ.

1972ರ 'ದೋ ಗಜ್ ಜಮೀನ್ ಕೆ ನೀಚೆ' ಚಿತ್ರಕ್ಕೆ ಕುಟುಂಬ, ತಂಡ ಎಲ್ಲರೂ ಬಸ್ಸು ಹತ್ತಿ ಮಹಾಬಲೇಶ್ವರಕ್ಕೆ ಹೋದರು. ಒಂದೇ ಜಾಗದಲ್ಲಿ ಊಟ, ವಸತಿ, ಶೂಟಿಂಗ್. ಮನೆಯ ಹೆಂಗಸರೇ ಅಡುಗೆ ಮಾಡಿ ಬಡಿಸಿದರು. ಸುಮಾರು 40 ದಿನ, 3.5 ಲಕ್ಷ ರೂಪಾಯಿಯಲ್ಲಿ ಚಿತ್ರ ಮುಗಿಯಿತು. ಹಣ ಬಂತು. ಅಲ್ಲಿಂದ ಅದೇ ಅವರ ಪದ್ಧತಿ: ಪಾಳು ಹವೇಲಿ, ಮಂಜು, ಕಡಿಮೆ ದುಡ್ಡಿಗೆ ಬರುವ ಹೊಸಬರು, ಮತ್ತು ಒಂದು ಪಿಶಾಚಿ.

1984ರ 'ಪುರಾನಾ ಮಂದಿರ್'ನಲ್ಲಿ ಆ ಪಿಶಾಚಿಗೆ 'ಸಾಮ್ರಿ' ಎಂಬ ಹೆಸರು ಬಂತು. ಆ ಪಾತ್ರ ಮಾಡಿದವರು ಅನಿರುದ್ಧ್ ಅಗರ್ವಾಲ್, ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ಅವರ ಎತ್ತರ ಮತ್ತು ಮುಖದ ಗಡಸು ಎಂಥ ಮೇಕಪ್ಪಿಗಿಂತಲೂ ದೊಡ್ಡ ಆಸ್ತಿಯಾಗಿತ್ತು. ಚಿತ್ರ ಭರ್ಜರಿಯಾಗಿ ಓಡಿತು. ಮರುವರ್ಷವೇ ಸಾಮ್ರಿಯನ್ನು 3ಡಿಯಲ್ಲಿ ತಂದರು! ನಾಯಕ ಯಾರು ಅಂತ ಯಾರೂ ಕೇಳಲಿಲ್ಲ, ಜನ ಬಂದದ್ದು ಸಾಮ್ರಿಯನ್ನು ನೋಡಲು. ಸ್ಟಾರ್‌ಗಳಿಗೆ ಕೊಡಲು ದುಡ್ಡಿಲ್ಲದ್ದೇ ಹೀಗೆ ಹೊಸ ಸ್ಟಾರ್‌ನನ್ನು ಹುಟ್ಟಿಸಿತು. ಇದನ್ನು 'ಬಿ ಗ್ರೇಡ್' ಅಂತ ತಳ್ಳಿಹಾಕಿದ ವಿಮರ್ಶಕರು ಆ ಕಸುಬುದಾರಿಕೆಯನ್ನು ನೋಡಲೇ ಇಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

'ವೀರಾನಾ' (1988), 'ಬಂದ್ ದರ್ವಾಜಾ' (1990) ಆದಮೇಲೆ ಗಾಳಿ ಬದಲಾಯಿತು. ಅಗ್ಗದ ನಕಲುಗಳು ಹೆಚ್ಚಿದವು, ಕೇಬಲ್ ಟಿವಿ ಮನೆಮನೆಗೆ ಬಂತು. ರಾಮ್ಸೆಗಳು ಸುಮ್ಮನೆ ಕೂರಲಿಲ್ಲ. 1993ರಲ್ಲಿ 'ಜೀ ಹಾರರ್ ಶೋ' ಶುರು ಮಾಡಿದರು. ಆಗ ಮಕ್ಕಳಾಗಿದ್ದ ಎಷ್ಟೋ ಜನರಿಗೆ ಮೊದಲು ರಾಮ್ಸೆ ಹೆಸರು ಗೊತ್ತಾದದ್ದೇ ಅದರಿಂದ. ಮುಂದೆ 'ಪುರಾನಾ ಮಂದಿರ್' ಮತ್ತು 'ಬಂದ್ ದರ್ವಾಜಾ' ಡಿವಿಡಿಯಾಗಿ ವಿದೇಶದ ಹಾರರ್ ಅಭಿಮಾನಿಗಳ ಕೈಗೂ ಸೇರಿದವು. ತುಳಸಿ 2018ರಲ್ಲಿ, ಶ್ಯಾಮ್ 2019ರಲ್ಲಿ ತೀರಿಕೊಂಡರು.