ಕಪ್ಪು-ಬಸಿಗೂ ಒಂದು ಫೋಟೋ ಬೇಕಿತ್ತಾ?

ಕೊಪ್ಪಳದ ಓದುಗರೊಬ್ಬರ ಪ್ರಶ್ನೆ: "ಕ್ಯಾಮೆರಾ ಹೊಸದಾಗಿ ಬಂದಾಗ ಒಂದು ಫೋಟೋಗೆ ಅಷ್ಟು ಖರ್ಚು, ಅಷ್ಟು ಹೊತ್ತು. ಅಂಥದ್ದರಲ್ಲಿ ಪಿಂಗಾಣಿ, ಗಾಜಿನ ಸಾಮಾನು, ಕನ್ನಡಿ ಇವುಗಳ ಫೋಟೋ ಯಾಕೆ ತೆಗೆದರು?"

ಮೊದಲ ಕಾರಣ ಸರಳ. ಪಾತ್ರೆ ಅಲುಗಾಡುವುದಿಲ್ಲ! ಕಣ್ಣು ಮಿಟುಕಿಸಬೇಡ ಅಂತ ಅದಕ್ಕೆ ಹೇಳಬೇಕಾಗಿಲ್ಲ.

ಆದರೆ ಅಷ್ಟೇ ಅಲ್ಲ. ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬರಾದ ಇಂಗ್ಲೆಂಡಿನ ಟಾಲ್ಬಟ್ 1844ರಿಂದ 1846ರವರೆಗೆ ಕಂತುಗಳಲ್ಲಿ ತಂದ 'ಪೆನ್ಸಿಲ್ ಆಫ್ ನೇಚರ್' ಪುಸ್ತಕದಲ್ಲಿ ಕಪಾಟಿನ ತುಂಬ ಜೋಡಿಸಿಟ್ಟ ಪಿಂಗಾಣಿಯ ಫೋಟೋ ಇದೆ. ಒಂದೊಂದನ್ನೂ ಬರೆದು ಪಟ್ಟಿ ಮಾಡಲು ಎಷ್ಟು ಹೊತ್ತು ಬೇಕು, ಕ್ಯಾಮೆರಾ ಎಲ್ಲವನ್ನೂ ಒಟ್ಟಿಗೇ ಹಿಡಿಯುತ್ತದೆ, ಮುಂದೆ ಕಳ್ಳ ಇವನ್ನು ಕದ್ದರೆ ಈ ಚಿತ್ರವನ್ನೇ ಕೋರ್ಟಿನಲ್ಲಿ ಸಾಕ್ಷಿಗೆ ಇಡಬಹುದು ಅನ್ನುವುದು ಅವರ ವಾದ. ನಮ್ಮ ಮಾತಲ್ಲಿ ಹೇಳಬೇಕಂದ್ರೆ ಪಂಚನಾಮೆ!

ಸಾಕ್ಷಿ ಪೂರ್ತಿ ನಂಬುವಂಥದ್ದೇನೂ ಆಗಿರಲಿಲ್ಲ ಅನ್ನಿ. ಆಗಿನ ರಾಸಾಯನಿಕಕ್ಕೆ ನೀಲಿ ಬೇಗ ಹತ್ತುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ನಮ್ಮ ಕಿನ್ನಾಳದ ಗೊಂಬೆಗಳನ್ನು ಆ ಕ್ಯಾಮೆರಾ ಮುಂದೆ ಇಟ್ಟಿದ್ದರೆ ನೀಲಿ ಕೃಷ್ಣ ಬೆಳ್ಳಗಾಗಿ, ಗೌರಿಯ ಕೆಂಪು ಸೀರೆ ಕಪ್ಪಾಗಿ ಬರುತ್ತಿತ್ತು. ಚಿತ್ರಗಾರರು ಅಷ್ಟು ಕಷ್ಟಪಟ್ಟು ಬಳಿದ ಬಣ್ಣವೆಲ್ಲ ಏನಾಗಬೇಕು ಹೇಳಿ.

ಆಮೇಲೆ ಮ್ಯೂಸಿಯಂಗಳೂ ಫೋಟೋ ತೆಗೆಸತೊಡಗಿದವು, ಇಂಥ ಫೋಟೋಗಳ ಅರ್ಥವೇ ಬದಲಾಯಿತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1856ರಲ್ಲಿ ಥರ್ಸ್ಟನ್ ಥಾಂಪ್ಸನ್ ಎಂಬವರನ್ನು ಫೋಟೋಗ್ರಾಫರ್ ಆಗಿ ಇಟ್ಟುಕೊಂಡಿತು. ಅಲ್ಲಿನ ಫೋಟೋಗಳು ಕಲಾಶಾಲೆಗಳಿಗೆ ಹೋದವು, ಜನರಿಗೂ ಮಾರಿದರು. ಯಾರದೋ ಮನೆಯಲ್ಲಿ ಬಳಸುತ್ತಿದ್ದ ಹೂಜಿ, ಫೋಟೋಗೆಂದು ಅದರ ಹಿಂದೆ ಒಂದು ಬಟ್ಟೆ ಕಟ್ಟಿದ ಕೂಡಲೇ ನೋಡಿ ಕಲಿಯುವ 'ಮಾದರಿ' ಆಯಿತು. ಒಳ್ಳೆಯದೇ, ಆದರೆ ಅದು ಯಾವ ಮನೆಯದ್ದು, ಯಾರ ಕೈಯಲ್ಲಿತ್ತು ಅನ್ನೋದು ಬಟ್ಟೆಯ ಹಿಂದೆಯೇ ಉಳಿಯಿತು. ಅದಕ್ಕೂ ಮೊದಲು, 1853ರಲ್ಲಿ, ಇದೇ ಥಾಂಪ್ಸನ್ ವೆನಿಸ್‌ನ ಒಂದು ಕನ್ನಡಿಯ ಫೋಟೋ ತೆಗೆದರು. ಕನ್ನಡಿಯೊಳಗೆ ಅವರೂ ಅವರ ಕ್ಯಾಮೆರಾವೂ ಕಾಣುತ್ತಾರೆ. ಚೌಕಟ್ಟು ಕೆತ್ತಿದವನು ಮಾತ್ರ ಎಲ್ಲೂ ಇಲ್ಲ. ನನಗೆ ಅದನ್ನು ನೋಡಿದಾಗೆಲ್ಲ ಸ್ವಲ್ಪ ನಗು, ಸ್ವಲ್ಪ ಸಿಟ್ಟು ಬರುತ್ತದೆ.

ಅದೇ 1856ರಲ್ಲಿ ಇಲ್ಲಿ, ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಹಿಡಿದು ಓಡಾಡುತ್ತಿದ್ದರು. ಅವರು ತೆಗೆದ ಕಲ್ಲಿನ ರಥದ ಫೋಟೋದಲ್ಲಿ ರಥದ ಮೇಲೆ ಒಂದು ಇಟ್ಟಿಗೆ ಗೋಪುರ ಇದೆ. ಟಾಲ್ಬಟ್ ಹೇಳಿದ ಸಾಕ್ಷಿ ಇಲ್ಲಿ ಸಿಕ್ಕಿತು ನೋಡಿ, ಕಳ್ಳನಿಲ್ಲದೆಯೇ. ಜೇಬಲ್ಲಿ ಹೊಸ ಐವತ್ತರ ನೋಟಿದ್ದರೆ ತೆಗೆದು ನೋಡಿ, ರಥ ಇದೆ, ಗೋಪುರ ಇಲ್ಲ.