ಉತ್ತರ ಕನ್ನಡದ ಮನೆಕಸ: ಗೊಬ್ಬರಗುಂಡಿಯಿಂದ ಕಾಯ್ದೆಯವರೆಗೆ

ಶಿರಸಿ ಸೀಮೆಯ ಹಳೆಯ ಮನೆಗಳಲ್ಲಿ ಕೊಟ್ಟಿಗೆಯ ಹಿಂದೊಂದು ಗೊಬ್ಬರಗುಂಡಿ ಇದ್ದೇ ಇರುತ್ತದೆ. ಬೆಟ್ಟದಿಂದ ತಂದ ಸೊಪ್ಪು, ದರಕು (ಉದುರಿದ ಒಣ ಎಲೆ), ಸಗಣಿ, ತರಕಾರಿ ಸಿಪ್ಪೆ, ಊಟ ಮುಗಿದ ಬಾಳೆಲೆ ಎಲ್ಲವೂ ಅದಕ್ಕೇ ಬೀಳುತ್ತಿದ್ದವು. ಕೊಳೆತು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತಿದ್ದವು. ಘಟ್ಟದ ಕೆಳಗೆ ಮೀನಿನ ತಲೆ, ಮುಳ್ಳು ತೆಂಗಿನ ಬುಡಕ್ಕೆ ಹೋದರೆ, ಅಘನಾಶಿನಿ ನದಿಯ ಅಳಿವೆಯ ಚಿಪ್ಪಿಗಳು ಸುಣ್ಣವಾಗುತ್ತಿದ್ದವು. ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕಿ, ಉಳಿದದ್ದನ್ನು ಹಿತ್ತಲಿಗೆ ಚೆಲ್ಲುತ್ತಿದ್ದರು. ಮನೆಯಿಂದ ಹೊರಬೀಳುವುದೆಲ್ಲ ಕೊಳೆಯುವಂಥದ್ದೇ ಆಗಿದ್ದರಿಂದ ಕಸ ವಿಂಗಡಿಸುವ ಪ್ರಶ್ನೆಯೇ ಏಳಲಿಲ್ಲ.

ಹಾಲಿನ ಪ್ಯಾಕೆಟ್, ಎಣ್ಣೆಯ ಕವರ್, ಶಾಂಪೂ ಚೀಟು, ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ಬಂದಾಗಲೂ ನಮ್ಮ ರೂಢಿ ಬದಲಾಗಲಿಲ್ಲ. ಅವೂ ಅದೇ ಗುಂಡಿಗೆ ಬಿದ್ದವು. ಗುಂಡಿಗೆ ಬೀಳದವು ಬಚ್ಚಲ ಒಲೆ ಸೇರಿದವು. ಸ್ನಾನದ ಹಂಡೆಯ ಕೆಳಗೆ ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಕವರ್ ತುರುಕುವ ಅಭ್ಯಾಸ ಜಿಲ್ಲೆಯ ಮನೆಮನೆಗಳಲ್ಲಿ ಬೇರೂರಿದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆ ಊದುವ ಹೆಂಗಸರು. ಪಿವಿಸಿಯಂಥ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಅದೇ ಒಲೆಯ ಬೂದಿ ಮತ್ತೆ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ. ಈ ಜಿಲ್ಲೆಯ ಕಸದ ಸಮಸ್ಯೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

ಕಾನೂನಿನ ಕಥೆ ಬೇರೆಡೆ ಶುರುವಾಯಿತು. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಊರಿನ ಕಸ ದೇಶದ ಚಿಂತೆಯಾಯಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಊರುಗಳ ಕಸದ ವಿಲೇವಾರಿ ಕುರಿತು ಸುಪ್ರೀಂ ಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ನ್ಯಾಯಾಲಯ 1998ರಲ್ಲಿ ಅಸೀಮ್ ಬರ್ಮನ್ ಅಧ್ಯಕ್ಷತೆಯ ಸಮಿತಿ ನೇಮಿಸಿತು. ಅದರ ಬೆನ್ನಿಗೇ 2000ದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪುರಸಭೆಗಳ ಘನತ್ಯಾಜ್ಯ ನಿಯಮಗಳನ್ನು ಹೊರಡಿಸಿತು. ಕಡಲತೀರಕ್ಕೆ ಇನ್ನೂ ಮುಂಚಿನ ನಿರ್ಬಂಧವೊಂದಿತ್ತು: 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಊರಿನ ಕಸವನ್ನು ಆ ವಲಯದಲ್ಲಿ ಸುರಿಯುವುದನ್ನು ನಿಷೇಧಿಸಿತ್ತು.

2000ದ ನಿಯಮಗಳು ಹೊಣೆಯನ್ನು ನಗರಾಡಳಿತದ ಹೆಗಲಿಗೆ ಹಾಕಿದವು. ವಿಂಗಡಿಸುವಂತೆ ಜನರಿಗೆ ತಿಳಿಹೇಳಬೇಕು, 2003ರ ಕೊನೆಯೊಳಗೆ ಸಂಸ್ಕರಣಾ ಘಟಕ ಕಟ್ಟಬೇಕು ಎಂದವು. ಗಡುವು ಮೀರಿದ ಊರುಗಳೇ ದೇಶದಲ್ಲಿ ಹೆಚ್ಚು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಡು ತುಂಬಿದ ಘಟ್ಟ ಇರುವ ನಮ್ಮ ಕರಾವಳಿಯಲ್ಲಿ ಕಸಕ್ಕೆ ಜಾಗ ಹುಡುಕುವುದೇ ದೊಡ್ಡ ಪಾಡು. ಹೀಗಾಗಿ ಇಲ್ಲಿ ಕಸದ ರಾಶಿ ಬೆಳೆಯದಂತೆ ನೋಡಿಕೊಳ್ಳಲು ಮನೆಯಲ್ಲೇ ಬೇರ್ಪಡಿಸುವುದನ್ನು ಬಿಟ್ಟರೆ ದಾರಿಯಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

2016ರಲ್ಲಿ ಎಲ್ಲವೂ ಒಟ್ಟಿಗೆ ಬಂತು. ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಅದೇ ತಿಂಗಳು ಬಂದ ಕೇಂದ್ರದ ಪ್ಲಾಸ್ಟಿಕ್ ನಿಯಮಗಳು ಗ್ರಾಮ ಪಂಚಾಯಿತಿಗಳನ್ನೂ ಹೊಣೆಗಾರರನ್ನಾಗಿಸಿದವು. ಏಪ್ರಿಲ್ 8ರ ಘನತ್ಯಾಜ್ಯ ನಿಯಮಗಳು ನೇರವಾಗಿ ಅಡುಗೆಮನೆಗೆ ಬಂದವು: ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಿ ಕೊಡುವುದು ಪ್ರತಿ ಮನೆಯ ಕರ್ತವ್ಯ, ಬೀದಿಯಲ್ಲಿ, ಚರಂಡಿಯಲ್ಲಿ, ಹೊಳೆಯಲ್ಲಿ ಎಸೆಯುವಂತಿಲ್ಲ. ರಾಜ್ಯ ಸರ್ಕಾರ ಅಧಿಸೂಚಿಸುವ ಯಾತ್ರಾಸ್ಥಳಗಳನ್ನೂ ಅವು ಒಳಗೊಂಡವು. ಡಿಸೆಂಬರ್ 22ರಂದು, ಇಪ್ಪತ್ತು ವರ್ಷದ ಹಿಂದಿನ ಅದೇ ಅಲ್ಮಿತ್ರಾ ಪಟೇಲ್ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ, ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು.

ಆದರೆ 2016ರ ಘನತ್ಯಾಜ್ಯ ನಿಯಮಗಳಲ್ಲಿ ಒಂದು ಕೊರತೆ ಉಳಿದಿತ್ತು. ಬಳಸಿದ ಸ್ಯಾನಿಟರಿ ಪ್ಯಾಡ್, ಡೈಪರ್‌ಗಳನ್ನು ಸುತ್ತಿ ಒಣ ಕಸದ ಜೊತೆ ಹಾಕಿ ಎಂದಿದ್ದವು. ಆ ಒಣ ಕಸವನ್ನು ಕೈಯಿಂದ ಆರಿಸುವವರು ಪೌರಕಾರ್ಮಿಕರು ಮತ್ತು ಸ್ವಸಹಾಯ ಸಂಘದ ಮಹಿಳೆಯರು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಹೊಸ ಕರಡು ನಿಯಮಗಳು ಇದನ್ನು ತಿದ್ದಿ ನಾಲ್ಕು ಭಾಗ ಮಾಡಿದವು: ಹಸಿ, ಒಣ, ಸ್ಯಾನಿಟರಿ, ವಿಶೇಷ ಕಾಳಜಿಯ ಕಸ. ಹಳೆಯ ಮಾತ್ರೆ, ಬಲ್ಬು, ಬಣ್ಣದ ಡಬ್ಬಿ ಕೊನೆಯ ಗುಂಪಿಗೆ ಸೇರುತ್ತವೆ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಬೇಕು.

ನಮ್ಮಲ್ಲಿ ವಿಂಗಡಣೆ ಸೋಲುವುದು ಹೆಚ್ಚಾಗಿ ಮಳೆಗಾಲದಲ್ಲಿ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಕಾರವಾರದಲ್ಲಿ ಅಂಗಳದ ಮೂಲೆಗೆ ಇಟ್ಟ ಒಣ ಕಸದ ಚೀಲ ಒಂದೇ ರಾತ್ರಿಯಲ್ಲಿ ಹಸಿಯಾಗುತ್ತದೆ. ನೆನೆದ ರಟ್ಟು, ಕಾಗದ ಗುಜರಿಗೆ ಬೇಡ. ಸಾರಿನ ಪಸೆ ಅಂಟಿದ ಡಬ್ಬಿ ಇಡೀ ಚೀಲವನ್ನು ನಾರಿಸುತ್ತದೆ. ಹಾಲಿನ ಪ್ಯಾಕೆಟ್ಟನ್ನು ತೊಳೆದು, ಮಳೆಗಾಲವಾದರೆ ಅಡುಗೆಮನೆಯೊಳಗೇ ದಾರ ಕಟ್ಟಿ ಕ್ಲಿಪ್ ಹಾಕಿ ಒಣಗಿಸಬೇಕು. ಮೂಲೆ ಕತ್ತರಿಸುವಾಗ ತುಂಡು ಪೂರ್ತಿ ಬೇರೆಯಾಗದಂತೆ ನೋಡಿಕೊಳ್ಳಬೇಕು. ಆ ಚೂರುಗಳನ್ನು ಯಾವ ಘಟಕದಲ್ಲೂ ಆರಿಸಲಾಗದು. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರ ಒಂದಕ್ಕೊಂದು ಅಂಟಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ. ಅದು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಹೋಗಬಲ್ಲದು, ಒಣಗಿದ್ದರೆ ಮಾತ್ರ. ಚಿಪ್ಪಿ ಹಸಿ ಕಸವಲ್ಲ, ಎಷ್ಟು ದಿನವಾದರೂ ಕೊಳೆಯದು. ಬೇರೆ ಇಡುವುದೇ ಸರಿ. ಹಿತ್ತಲಿರುವ ಮನೆಯ ಹಸಿ ಕಸ ಗಾಡಿ ಹತ್ತುವ ಅಗತ್ಯವೇ ಇಲ್ಲ, ಅದಕ್ಕೆ ಹಳೆಯ ಗುಂಡಿ ಸಾಕು.

ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು. ಅಘನಾಶಿನಿಯ ಮೂಲಗಳಲ್ಲಿ ಒಂದು ಶಿರಸಿ ಪೇಟೆಯ ಶಂಕರಹೊಂಡ. ಎಲ್ಲಿಯೂ ಅಣೆಕಟ್ಟಿಲ್ಲದೆ ಹರಿದು ತದಡಿಯ ಬಳಿ ಆ ನದಿ ಕಡಲು ಸೇರುತ್ತದೆ. ಆ ಅಳಿವೆಯನ್ನು 2024ರಲ್ಲಿ ರಾಮ್ಸರ್ ಜೌಗುಪ್ರದೇಶವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂದು, ಘೋಷಿಸಲಾಯಿತು. ಚಿಪ್ಪಿ ಆರಿಸಿ ಬದುಕುವ ಕುಟುಂಬಗಳು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಅಲ್ಲಿವೆ. ಶಿರಸಿಯ ಚರಂಡಿಗೆ ಬಿದ್ದ ಪೊಟ್ಟಣಕ್ಕೆ ಆ ದಾರಿಯಲ್ಲಿ ತಡೆಯೇನೂ ಇಲ್ಲ.

‘ಗಾಡಿಯವರು ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಾರೆ, ನಾವೇಕೆ ಬೇರೆ ಮಾಡಬೇಕು?’ ಎಂದು ಕೇಳುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಬೇರ್ಪಡಿಸಿ ಕೊಟ್ಟವರಿಗೆ ಮಾತ್ರ ಗಟ್ಟಿಯಾಗಿ ಪ್ರಶ್ನಿಸುವ ಬಲ ಬರುತ್ತದೆ. ಮನೆಯಲ್ಲಿ ಬೇರ್ಪಡಿಸಿದ್ದನ್ನು ಬೇರೆಯಾಗಿಯೇ ಒಯ್ಯುವುದು ಸ್ಥಳೀಯ ಸಂಸ್ಥೆಯ ಹೊಣೆ ಎಂದು 2016ರ ನಿಯಮಗಳೇ ಹೇಳಿದ್ದವು. ಮುಂದಿನ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ: ನಮ್ಮ ಒಣ ಕಸವನ್ನು ಎಲ್ಲಿ ಇಡುತ್ತೀರಿ, ಯಾರು ಒಯ್ಯುತ್ತಾರೆ, ಜೂನ್ ತಿಂಗಳ ಮಳೆಗೆ ಮುಂಚೆ ಅದಕ್ಕೊಂದು ಸೂರು ಆಗುತ್ತದೆಯೇ?