ಎರಡು ಚಿಕ್ಕ ಟೆಲಿಸ್ಕೋಪ್ ಸೇರಿಸಿ ದೊಡ್ಡ ಬೈನಾಕ್ಯುಲರ್: ನಾನು ಸಿಕ್ಕಾಕೊಂಡಿದ್ದು ಎಲ್ಲಿ

80 ಎಂಎಂ ಲೆನ್ಸ್, 400 ಎಂಎಂ ಫೋಕಲ್ ಲೆಂತ್‌ನ (ಲೆನ್ಸಿಂದ ಚಿತ್ರ ಮೂಡೋ ಜಾಗಕ್ಕೆ ಇರೋ ದೂರ) ಎರಡು ಟೆಲಿಸ್ಕೋಪ್, ಎರಡಕ್ಕೂ 25 ಎಂಎಂ ಐಪೀಸ್, ಅಂದ್ರೆ ಕಣ್ಣಿಡೋ ಕಡೆಯ ಲೆನ್ಸ್. 400 ಭಾಗಿಸು 25, ಅಂದ್ರೆ 16 ಪಟ್ಟು ದೊಡ್ಡದಾಗಿ ಕಾಣತ್ತೆ. ಕೃತ್ತಿಕಾ ಗುಂಪು ಇಡಿಯಾಗಿ ಒಳಗೆ ಕೂರತ್ತೆ.

ಟ್ಯೂಬ್ ಪಕ್ಕಪಕ್ಕ ಇಟ್ರೆ ನಡುವಿಂದ ನಡುವಿಗೆ 12 ಸೆಂ.ಮೀ., ಕಣ್ಣುಗಳ ನಡುವೆ ಇರೋದು 6.5 ಸೆಂ.ಮೀ. ಆಸುಪಾಸು. ಅದಕ್ಕೇ ಪ್ರತಿ ಟ್ಯೂಬಿಗೆ ಎರಡೆರಡು ಡಯಾಗನಲ್ (ಬೆಳಕನ್ನ ತಿರುಗಿಸೋ ಓರೆ ಕನ್ನಡಿ), ಒಂದು ಬೆಳಕನ್ನ ಒಳಕ್ಕೆ ತಿರುಗಿಸತ್ತೆ, ಇನ್ನೊಂದು ಮೇಲಕ್ಕೆ. ಬೆಳಕಿನ ದಾರಿ ಉದ್ದ ಆಗಿ ಫೋಕಸ್ ಸಿಗಲ್ಲ, ಟ್ಯೂಬನ್ನ ಹಿಂದುಗಡೆ ಕತ್ತರಿಸಬೇಕು. ಇದೆಲ್ಲ ಸಲೀಸು.

ಒದ್ದಾಡಿದ್ದು ಎರಡೂ ಟ್ಯೂಬ್ ಒಂದೇ ಕಡೆ ನೋಡೋ ಹಾಗೆ ಮಾಡೋದ್ರಲ್ಲಿ. ಮೊದಲು ಹಿತ್ತಲಿನ ತೆಂಗಿನ ಮರದ ಗೊನೆ ಇಟ್ಕೊಂಡು ಟ್ಯೂಬಿನ ದಿಕ್ಕು ಬದಲಿಸೋ ಸ್ಕ್ರೂ ತಿರುಗಿಸಿದೆ, ಸುಮಾರು 30 ಮೀಟರ್ ದೂರ, ಎರಡೂ ಚಿತ್ರ ಪಕ್ಕಾ ಸೇರ್ತು. ರಾತ್ರಿ ನೋಡಿದ್ರೆ ಚಂದ್ರ ಎರಡು! 12 ಸೆಂ.ಮೀ.ನ 30 ಮೀಟರ್‌ನಿಂದ ಭಾಗಿಸಿ ನೋಡಿ, 0.004 ರೇಡಿಯನ್, ಅಂದ್ರೆ ಹತ್ರಹತ್ರ 14 ಆರ್ಕ್‌ಮಿನಿಟ್ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್), ಚಂದ್ರನ ಅಗಲದ ಅರ್ಧದಷ್ಟು. ಟ್ಯೂಬ್‌ಗಳು ಸಮಾನಾಂತರ ಆಗಿರ್ಲಿಲ್ಲ, ಮರದ ಹತ್ರ ಬಂದು ಕೂಡ್ತಿದ್ವು ಅಷ್ಟೇ. ಮಾರನೇ ದಿನ ಚಿಕ್ಕಮಗಳೂರಿನ ನಮ್ಮನೆ ತಾರಸಿಯಿಂದ ಮುಳ್ಳಯ್ಯನಗಿರಿ ತುದಿಯ ದೇವಸ್ಥಾನಕ್ಕೆ ಹಿಡಿದೆ, ಅಷ್ಟು ದೂರಕ್ಕೆ ಈ ತಪ್ಪು ಲೆಕ್ಕಕ್ಕೇ ಬರಲ್ಲ. ಒಂದು ಕಡೆ ಗುಡ್ಡದ ಅಂಚು ಓರೆ ಕಂಡ್ರೆ ಆ ಕಡೆ ಡಯಾಗನಲ್ ತಿರುಚಿದೆ ಅಂತ, ಅದನ್ನ ಮೊದಲು ಸರಿ ಮಾಡ್ಕೊಳ್ಳಿ.

ಆದ್ರೂ ಹತ್ತು ನಿಮಿಷ ನೋಡಿದ್ರೆ ತಲೆನೋವು. ಚಿತ್ರ ಒಂದೇ ಕಾಣ್ತಿದೆಯಲ್ಲ, ಮತ್ತೇನು? ಇದೇ ನನಗೆ ಅರ್ಥ ಆಗದೇ ಇದ್ದಿದ್ದು. ಸಣ್ಣ ತಪ್ಪನ್ನ ಕಣ್ಣೇ ಎಳೆದು ಸೇರಿಸ್ಬಿಡತ್ತೆ, ನಮಗೆ ಗೊತ್ತೇ ಆಗಲ್ಲ. ಪುಸ್ತಕ ಓದುವಾಗ ಕಣ್ಣು ಒಳಕ್ಕೆ ತಿರುಗೋದು ಅಭ್ಯಾಸ, ಆದ್ರೆ ಒಂದು ಮೇಲೆ ಒಂದು ಕೆಳಗೆ ನೋಡೋದು ಅದಕ್ಕೆ ಹಿಂಸೆ. ಟ್ಯೂಬಿನ ತಪ್ಪು ಐಪೀಸಲ್ಲಿ 16 ಪಟ್ಟು ಆಗತ್ತೆ ಬೇರೆ.

ನನ್ನ ಕೈ ಹಿಡಿದ ಉಪಾಯ ಇದು. ಲುಬ್ಧಕ ನಕ್ಷತ್ರ ಹಿಡಿದು ಬಲಗಡೆ ಫೋಕಸ್ ಕೆಡಿಸಿ, ದುಂಡನೆ ಮಸುಕು ಬಿಲ್ಲೆ ಆಗ್ಲಿ, ಎಡಗಡೆ ಚೂಪು ಚುಕ್ಕಿ ಇರ್ಲಿ. ಎರಡೂ ಬೇರೆ ಆಕಾರ, ಹಾಗಾಗಿ ಮಿದುಳು ಎಳೆದು ಸೇರಿಸೋಕೆ ಹೋಗಲ್ಲ. ಚುಕ್ಕಿ ಬಿಲ್ಲೆಯ ನಡುವೆ ಬರೋವರೆಗೂ ಸ್ಕ್ರೂ ತಿರುಗಿಸಿ, ಮೊದಲು ಮೇಲೆ ಕೆಳಗಿನ ಸ್ಕ್ರೂ, ಆಮೇಲೆ ಅಡ್ಡದ್ದು.

ಕಣ್ಣಿನ ಅಂತರಕ್ಕೆ ಅಂತ ಬಲಗಡೆ ಟ್ಯೂಬನ್ನ ಡ್ರಾಯರ್ ಚಾನಲ್ ಮೇಲೆ ಕೂರಿಸಿದೀನಿ. ಅಮ್ಮನಿಗೆ ಅಂತ 6 ಸೆಂ.ಮೀ.ಗೆ ಜರುಗಿಸಿದಾಗ ಚಾನಲ್ ಒಂಚೂರು ಅಲ್ಲಾಡಿ ಚುಕ್ಕಿ ಬಿಲ್ಲೆಯ ಅಂಚಿಗೆ ಹೋಗಿತ್ತು, ಹಾಗಾಗಿ ನೋಡೋರು ಬದಲಾದಾಗೆಲ್ಲ ಬಲಗಡೆ ಫೋಕಸ್ ಕೆಡಿಸಿ ಇನ್ನೊಂದ್ಸಲ ನೋಡ್ಲೇಬೇಕು.